ಸಂಪಿನ ನೀರು ಸಿಹಿಯಾದ ಬೇಸಿಗೆ

ಹಿಮಾಯತ್‌ನಗರದಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಎರಡೇ ಕೋಣೆ. ನೀರು ಪರೀಕ್ಷೆ ಮಾಡುವುದು ನಮ್ಮ ಕೆಲಸ. ನಾನು ಸೇರಿದ ಮೊದಲ ವಾರವೆಲ್ಲ ಮೀಟರನ್ನು ಹೇಗೆ ಹಿಡಿಯಬೇಕು, ಹೇಗೆ ತೊಳೆಯಬೇಕು, ಹೇಗೆ ಮಲಗಿಸಬೇಕು ಎಂದು ಕಲಿಯುವುದರಲ್ಲೇ ಕಳೆಯಿತು. ಅಂಗೈಯಲ್ಲಿ ಹಿಡಿಯುವಷ್ಟು ಪೆಟ್ಟಿಗೆ, ಅದರಿಂದ ಹೊರಟ ಎರಡು ವೈರು, ವೈರಿನ ತುದಿಗೆ ಎರಡು ಕಡ್ಡಿ. ಒಂದು ಕಡ್ಡಿ ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ಹೇಳುತ್ತದೆ. ಇನ್ನೊಂದರ ತುದಿಗೆ ಗುಳ್ಳೆಯಷ್ಟು ತೆಳುವಾದ ಗಾಜಿನ ಗುಂಡು. ನೀರು ಹುಳಿಯೋ ಕ್ಷಾರವೋ ಎಂದು ಅದು ಹೇಳುತ್ತದೆ.

ನಮ್ಮ ಸರ್ ಬೀದರಿನವರು. ಹೈದರಾಬಾದಿನಲ್ಲೇ ಕೂದಲು ಬೆಳ್ಳಗಾದರೂ ಮಾತು ಬೀದರಿನದೇ. ಮೀಟರನ್ನು ನನ್ನ ಕೈಗೆ ಕೊಡುವ ಮುನ್ನ ತಾವೇ ಎದುರಿಗೆ ಕೂತು ಎಲ್ಲ ಮಾಡಿ ತೋರಿಸಿದರು.

"ಈ ಗಾಜಿನ ಗುಂಡಿಗಿ ಬಟ್ಟಿ ಹಚ್ಚಿ ತಿಕ್ಕಬ್ಯಾಡ್ರಿ. ಡಿಸ್ಟಿಲ್ಡ್ ನೀರಾಗ ತೊಳೀರಿ, ಮೆತ್ತನ್ನ ಕಾಗದ ಹಿಡದು ಹನಿ ಹೀರಸ್ರಿ, ಅಷ್ಟೇ. ಗುಂಡಿಗಿ ಹಾಕೋ ಟೋಪಿ ಒಳಗ ಎರಡು ಹನಿ ಅದರ ದ್ರಾವಣ ಇರಬೇಕು. ಒಣಗಿತು ಅಂದ್ರ ಸತ್ತಂಗೇ."

"ಸತ್ತ್ರ ಗೊತ್ತಾಗ್ತದಲ್ರಿ ಸರ್, ಹೊಸಾದು ತರಬಹುದು," ಎಂದೆ.

ಅವರು ನಗಲಿಲ್ಲ. "ಗೊತ್ತಾಗಲ್ಲ. ಅದೇ ಅಂಜಿಕಿ. ಕೆಟ್ಟ ಮೀಟರ್ ಬಂದ್ ಬೀಳಲ್ಲ ನೋಡ್ರಿ, ಆರಾಮಾಗಿ ಅಂಕಿ ತೋರಿಸ್ತಾನೇ ಇರ್ತದ. ನಾವು ಆ ಅಂಕಿ ನಂಬಿ ಮನಿಗಿ ಹೋಗಿ ಊಟ ಮಾಡಿ ಮಲಗ್ತೀವಿ."

ಆಮೇಲೆ ಬೇರೆ ಬೇರೆ ಎಚ್ಚರಿಕೆಗಳು ಬಂದವು. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಟ್ಟುಹೋಗಬಾರದು. ಸರಿ ನೋಡಿಕೊಳ್ಳಲು ಇಟ್ಟ ದ್ರಾವಣದ ಬಾಟಲಿಯೊಳಗೇ ಕಡ್ಡಿ ಅದ್ದಬಾರದು, ಸಣ್ಣ ಕಪ್ಪಿಗೆ ಸುರಿದುಕೊಂಡು ಅದ್ದಬೇಕು, ಬಳಸಿದ್ದನ್ನು ವಾಪಸ್ ಬಾಟಲಿಗೆ ಹಾಕಬಾರದು. ಬಳಸದೇ ಇಡುವಾಗ ಸೆಲ್ ತೆಗೆದಿಡಬೇಕು. ನೀರಿಗೆ ಬಿಟ್ಟ ಕೂಡಲೇ ಕಂಡ ಅಂಕಿಯನ್ನು ಬರೆದುಕೊಳ್ಳಬಾರದು, ಅದು ಓಡಾಡಿ ನಿಲ್ಲುವ ತನಕ ಕಾಯಬೇಕು. ಕಾಚಿಗೂಡದ ನಮ್ಮ ಬಾಡಿಗೆ ಮನೆಯಲ್ಲಿ ಮೀಟರಿನ ಚೀಲವನ್ನು ಅಡುಗೆ ಮನೆಯ ಕಟ್ಟೆಯಿಂದ ದೂರ, ಕಪಾಟಿನ ಮೇಲಿನ ಅರೆಯಲ್ಲಿ ಇಡುತ್ತಿದ್ದೆ. "ನನ್ನ ಕನ್ನಡಕಾನೂ ಇಷ್ಟು ಜೋಪಾನ ಮಾಡಂಗಿಲ್ಲ ನೀ," ಎಂದು ನನ್ನ ಗಂಡ ಚಾಷ್ಟಿ ಮಾಡುತ್ತಿದ್ದರು.

ಗಚ್ಚಿಬೌಲಿಯ ಕಟ್ಟಡದ ಕೆಲಸ ನನಗೆ ಸಿಕ್ಕಿದ್ದು ಆ ವರ್ಷದ ಶಿವರಾತ್ರಿಯ ಹೊತ್ತಿಗೆ. ಗೇಟು, ಕಾವಲು, ಹುಲ್ಲುಹಾಸು ಇರುವ ದೊಡ್ಡ ಅಪಾರ್ಟ್‌ಮೆಂಟೊಂದರ ಪಕ್ಕದಲ್ಲೇ ಹೊಸ ಕಟ್ಟಡಕ್ಕೆ ಆಳವಾಗಿ ಅಗೆದಿದ್ದರು. ಕಾಂಕ್ರೀಟಿಗೆ ಬಳಸುವ ನೀರು ಸರಿಯಿದೆಯೋ ಇಲ್ಲವೋ ಎಂದು ವಾರಕ್ಕೊಮ್ಮೆ ನೋಡಿ ಬರಬೇಕು. ನಮ್ಮನ್ನು ಕರೆದದ್ದು ಕಾಂಕ್ರೀಟಿನ ಸಲುವಾಗಿ ಮಾತ್ರ. ಬೋರ್‌ವೆಲ್ಲಿನ ನೀರು ಅಪಾರ್ಟ್‌ಮೆಂಟಿನ ಗೋಡೆಗೆ ಹತ್ತಿಕೊಂಡು ಕಟ್ಟಿದ ನೆಲದಡಿಯ ಸಂಪಿಗೆ ಬಂದು ಬೀಳುತ್ತಿತ್ತು. ತಗಡಿನ ಶೆಡ್ಡುಗಳಲ್ಲಿ ಇದ್ದ ಕೆಲಸಗಾರರು ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಅದೇ ನೀರು ಬಳಸುತ್ತಿದ್ದರು. ಕುಡಿಯುವ ನೀರಿನ ಟ್ಯಾಂಕರ್ ಬೇರೆ ಬರಬೇಕಿತ್ತು. ಬೇಸಿಗೆ ಏರಿದಂತೆ ಆ ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಾರದ ದಿನ ಕುಡಿಯುವುದಕ್ಕೂ ಸಂಪೇ ಗತಿ.

ಸಂಪಿನ ಮೋಟರ್ ನೋಡಿಕೊಳ್ಳುತ್ತಿದ್ದವನು ಒಬ್ಬ ಮುದುಕ. ಮಗ ಸರಳು ಕಟ್ಟುವ ಕೆಲಸದಲ್ಲಿದ್ದ, ಸೊಸೆ ಮರಳು ಹೊರುತ್ತಿದ್ದಳು, ಇವನಿಗೆ ವಯಸ್ಸಾಯಿತೆಂದು ಮೋಟರ್ ಹಚ್ಚುವ ಕೆಲಸ ಕೊಟ್ಟಿದ್ದರು. ನಾನು ಫೋನಿನಲ್ಲಿ ನನ್ನ ಅವ್ವನ ಜೊತೆ ಮಾತಾಡುವುದನ್ನು ಕೇಳಿ ಹತ್ತಿರ ಬಂದ.

"ಯವ್ವಾ, ಯಾವೂರಾಕಿ ನೀ?"

"ರಾಯಚೂರು ಕಾಕಾ."

ಅವನ ಮುಖ ಅರಳಿತು. ಅವನ ಊರೂ ಅದೇ ಜಿಲ್ಲೆ. ನಕ್ಕಾಗ ಹಲ್ಲುಗಳೆಲ್ಲ ಕಂದು ಗೆರೆ ಬಿದ್ದು ಸವೆದಿದ್ದವು. ಕೂತು ಏಳುವಾಗ ಮೊಣಕಾಲು ಮಡಚಲು ಬರುತ್ತಿರಲಿಲ್ಲ, ಕೈಯೂರಿ ಇಡೀ ಮೈಯನ್ನು ಮೇಲೆತ್ತುತ್ತಿದ್ದ. ಅವನೂರಿನ ಬೋರಿಂಗ್ ನೀರಿನಲ್ಲಿ ಫ್ಲೋರೈಡ್ ತುಂಬಿದೆಯೇ ಎಂದು ನಾನು ಕೇಳುವ ಅಗತ್ಯವೇ ಇರಲಿಲ್ಲ.

ನಾನು ಕಡ್ಡಿ ತೊಳೆಯುವುದನ್ನು ಅವನು ಪ್ರತಿ ಸಲ ಬಂದು ನೋಡುತ್ತ ಕೂಡುತ್ತಿದ್ದ. "ಕೂಸಿಗೆ ಎರದಂಗ ಎರಿತಿ ನೋಡವ್ವಾ," ಎನ್ನುತ್ತಿದ್ದ. ಅಂಕಿ ಏನು ಬಂತು ಎಂದು ಕೇಳುತ್ತಿದ್ದ. ಆ ಸಂಪಿನ ಲವಣದ ಅಂಕಿ ಯಾವಾಗಲೂ ಸಾವಿರದ ಆರುನೂರರ ಆಸುಪಾಸು. ಕಾಂಕ್ರೀಟಿಗೆ ನಡೆಯುತ್ತದೆ. ನಾಲಿಗೆಗೆ ಸವಳು.

"ಸವಳಂದ್ರ ಸವಳು," ಎನ್ನುತ್ತಿದ್ದ ಅವನು. "ಹುಟ್ಟಿದಾಗಿಂದ ಇದನ್ನ ಕುಡದೀನಿ. ಹೈದರಾಬಾದಿಗೆ ಬಂದ್ರೂ ಇದಾ ಗಂಟು ಬಿತ್ತು."

ಯುಗಾದಿ ಕಳೆದು ಬಿಸಿಲು ಬಲಿಯಿತು. ಗಚ್ಚಿಬೌಲಿಯ ಆ ಓಣಿಯಲ್ಲಿ ಒಂದೊಂದೇ ಬೋರ್‌ವೆಲ್ ಕೆಮ್ಮಿ ನಿಲ್ಲತೊಡಗಿತು. ಎಲ್ಲಿ ನೋಡಿದರೂ ಟ್ಯಾಂಕರುಗಳ ಸಾಲು. ಬೇಸಿಗೆಯಲ್ಲಿ ನೆಲದ ನೀರು ಕೆಳಗಿಳಿದಷ್ಟೂ ಲವಣದ ಅಂಶ ಹೆಚ್ಚುತ್ತದೆ, ಅಂಕಿ ಏರುತ್ತದೆ. ನಾನು ಹೋದ ಬೇರೆ ಎಲ್ಲ ಕಡೆಯೂ ಏರುತ್ತಲೇ ಇತ್ತು. ಆದರೆ ಅಲ್ಲಿ ಆ ವಾರ ಮೀಟರ್ ಸಾವಿರದ ಮುನ್ನೂರು ತೋರಿಸಿತು.

ಸರ್‌ಗೆ ಹೇಳಿದೆ. "ಯಾವದೋ ಟ್ಯಾಂಕರ್ ನೀರು ಸಂಪಿನಾಗ ಸುರದಿರಬೇಕು," ಎಂದರು. ಸೈಟಿನ ಸೂಪರ್‌ವೈಸರನ್ನು ಕೇಳಿದರೆ ತೆಲುಗಿನಲ್ಲಿ, ಬಂದಿರಬೇಕು ಬಿಡಿ ಮೇಡಂ, ಎಂದು ಕೈ ಆಡಿಸಿದ. ಒಂದು ಟ್ಯಾಂಕರ್ ಬೆರೆತರೆ ಅಷ್ಟು ಇಳಿಯುವುದು ಸಹಜವೇ. ಆದರೆ ಮುದುಕ ಮಾತ್ರ, "ಯಾವ ಟ್ಯಾಂಕರ್ರೂ ಬಂದಿಲ್ಲವ್ವಾ. ನಾ ಇಲ್ಲೇ ಕುಂತಿರ್ತೀನಲ್ಲ," ಎಂದ.

ಮುಂದಿನ ಸಲ ಹೋದಾಗ ಮೀಟರ್ ಒಂಬೈನೂರಕ್ಕೆ ಬಂದು ನಿಂತಿತು.

ಅವತ್ತು ದಾರಿಯಲ್ಲಿ ಡ್ರೈವರ್ ಊಟಕ್ಕೆ ಇಳಿದಾಗ ಚೀಲವನ್ನು ಮುಂದಿನ ಗಾಜಿನ ಹಿಂದೆಯೇ ಬಿಟ್ಟಿದ್ದ. ನಾನು ಬಂದು ಮುಟ್ಟಿದರೆ ಪೆಟ್ಟಿಗೆ ಸುಡುತ್ತಿತ್ತು. ಹಾಗಾಗಿ ಒಂಬೈನೂರು ಕಂಡಾಗ ಮೊದಲು ಅನ್ನಿಸಿದ್ದು ಮೀಟರ್ ಕೆಟ್ಟಿತು ಎಂದು. ಖರೇ ಹೇಳಬೇಕೆಂದರೆ ಕೆಟ್ಟಿರಲಿ ಎಂದೇ ಆಸೆಪಟ್ಟೆ. ಶೆಡ್ಡಿನ ನೆರಳಿಗೆ ಹೋಗಿ ಕೂತೆ. ಅದು ತಣ್ಣಗಾಗುವ ತನಕ ಕಾದೆ. ಕಡ್ಡಿಗಳನ್ನು ತೊಳೆದೆ, ಕಾಗದದಿಂದ ಹನಿ ಹೀರಿಸಿದೆ, ಗಾಜಿನ ಗುಂಡನ್ನು ಬೆಳಕಿಗೆ ಹಿಡಿದು ಬಿರುಕು ಬಿಟ್ಟಿದೆಯೇ ಎಂದು ನೋಡಿದೆ. ಸರಿ ನೋಡುವ ದ್ರಾವಣವನ್ನು ಕಪ್ಪಿಗೆ ಸುರಿದು ಅದ್ದಿದೆ. ಬಾಟಲಿಯ ಮೇಲೆ ಯಾವ ಅಂಕಿ ಅಚ್ಚಾಗಿತ್ತೋ ಮೀಟರ್ ಅದನ್ನೇ ತೋರಿಸಿತು. ಚೆಲ್ಲಿ, ತೊಳೆದು, ಮತ್ತೆ ಹೊಸದಾಗಿ ಸುರಿದು ನೋಡಿದೆ. ಮತ್ತೂ ಅದೇ.

ಮೀಟರ್ ಸರಿಯಾಗಿಯೇ ಇತ್ತು. ಹಾಗಾದರೆ ಬದಲಾದದ್ದು ನೀರು.

ಮುದುಕ ಪಕ್ಕದಲ್ಲೇ ಕೂತಿದ್ದ. ಖುಷಿಯಲ್ಲಿದ್ದ. "ಎಷ್ಟು ಬಂತವ್ವಾ? ಕಮ್ಮಿ ಆಗೈತೇನು? ನಂಗ ಗೊತ್ತಿತ್ತು. ನೀರು ಸಿಹಿ ಆಗ್ಯಾವ. ಮೊನ್ನಿಂದ ಎಲ್ಲಾರೂ ಇದನ್ನ ಕುಡ್ಯಾಕತ್ತಾರ. ಟ್ಯಾಂಕರ್ ನೀರು ಯಾರಿಗೆ ಬೇಕು?"

"ಕಾಕಾ, ಮೋಟರ್ ಎಷ್ಟು ಹೊತ್ತು ಹಚ್ತೀರಿ?"

"ಈಗ ಕಮ್ಮಿನಾ. ಬೋರಿನಾಗ ನೀರ ಇಲ್ಲ, ಬುಸ್ ಅಂತ ಗಾಳಿ ಬಿಡ್ತೈತಿ." ಅವನು ನನ್ನ ಕಡೆ ಬಾಗಿ ಗುಟ್ಟು ಹೇಳುವವನಂತೆ ದನಿ ತಗ್ಗಿಸಿದ. "ಆದ್ರ ನೋಡವ್ವಾ, ಬಂದ್ ಮಾಡಿ ಮಲಗಿದ್ರೂ ಬೆಳಿಗ್ಗೆ ಸಂಪು ತುಂಬಿರ್ತೈತಿ. ಗಂಗವ್ವ ಒಲಿದಾಳ."

ಮೋಟರ್ ಬಂದ್ ಇದ್ದಾಗ ಸಂಪು ತುಂಬುವುದೆಂದರೆ ಆ ನೀರು ಬೋರಿನದಲ್ಲ.

ಮೋಟರ್ ಹಚ್ಚಲು ಹೇಳಿದೆ. ಪೈಪಿನ ಬಾಯಿಗೇ ಮಗ್ಗು ಹಿಡಿದು ಬೋರ್‌ವೆಲ್ಲಿನ ನೀರು ತೆಗೆದುಕೊಂಡು ನೋಡಿದೆ. ಸಾವಿರದ ಆರುನೂರರ ಮೇಲೆಯೇ, ಮೊದಲಿಗಿಂತ ತುಸು ಹೆಚ್ಚು. ಬೇಸಿಗೆಯಲ್ಲಿ ಇರಬೇಕಾದ ಹಾಗೆಯೇ ಇತ್ತು. ಆಮೇಲೆ ಮಗ್ಗಿಗೆ ಹಗ್ಗ ಕಟ್ಟಿ ಸಂಪಿನ ಒಂದೊಂದು ಮೂಲೆಗೂ ಇಳಿಬಿಟ್ಟೆ. ಪ್ರತಿ ಸಲವೂ ಕಡ್ಡಿ ತೊಳೆದು, ಅಂಕಿ ನಿಲ್ಲುವ ತನಕ ಕಾದೆ. ಪೈಪಿನ ಹತ್ತಿರದ ಮೂಲೆಯಲ್ಲಿ ಹೆಚ್ಚು. ಅಪಾರ್ಟ್‌ಮೆಂಟಿನ ಗೋಡೆಯ ಕಡೆ ಹೋದಂತೆ ಕಡಿಮೆ. ಗೋಡೆಗೇ ಹತ್ತಿದ ಮೂಲೆಯಲ್ಲಿ ಏಳುನೂರಕ್ಕೂ ಕೆಳಗೆ. ಗೋಡೆಯ ಕಡೆಯಿಂದ ಬೇರೆ ಯಾವುದೋ ನೀರು ಒಳಗೆ ಬರುತ್ತಿತ್ತು.

ಮಗ್ಗಿನಲ್ಲಿದ್ದ ನೀರನ್ನು ಬೆಳಕಿಗೆ ಹಿಡಿದೆ. ತಿಳಿಯಾಗಿತ್ತು. ಮೂಗಿನ ಹತ್ತಿರ ತಂದೆ. ಮೊದಲು ಏನೂ ಇಲ್ಲ. ಆಮೇಲೆ ಬಹಳ ದೂರದಿಂದ ಬಂದಂತೆ, ಹಸಿ ಬಟ್ಟೆ ಮುಚ್ಚಿಟ್ಟ ಬಕೆಟ್ಟಿನ ವಾಸನೆ.

ಸರ್‌ಗೆ ಫೋನ್ ಮಾಡಿದೆ. ಅವರು ಶುಚಿ ಮಾಡಿ ಮುಚ್ಚಿದ ಗಾಜಿನ ಬಾಟಲಿಗಳನ್ನು ಐಸಿನ ಡಬ್ಬಿಯಲ್ಲಿಟ್ಟುಕೊಂಡು ಆಟೋದಲ್ಲಿ ಬಂದರು. ಮೂಸಿ ನೋಡಿದರು. ಬಾಟಲಿ ತುಂಬಿ ಮುಚ್ಚಳ ಬಿಗಿದ ಮೇಲೆ ಸೂಪರ್‌ವೈಸರನ್ನು ಕರೆದು ಈ ನೀರು ಕುಡಿಯುವುದನ್ನು ಈಗಲೇ ನಿಲ್ಲಿಸಿ ಎಂದರು. ಅವನು ನನ್ನ ಮೀಟರನ್ನೇ ನೋಡುತ್ತ ಕೇಳಿದ: ಅಂಕಿ ಇಳಿದರೆ ನೀರು ಒಳ್ಳೆಯದಾಯಿತು ಅಂತಲ್ಲವೇ? ಅಪಾರ್ಟ್‌ಮೆಂಟಿನವರು ಈ ಅಂಕಿ ಇಳಿಸಲಿಕ್ಕೇ ಮಶೀನು ಹಾಕಿಸಿಕೊಳ್ಳುತ್ತಾರಲ್ಲ? ಲ್ಯಾಬಿನ ವರದಿ ಬರಲಿ, ಆಮೇಲೆ ನೋಡೋಣ.

"ಇದು ಉಪ್ಪಿನ ಲೆಕ್ಕಾ ಹೇಳ್ತದ, ಹುಳದ ಲೆಕ್ಕಾ ಹೇಳಲ್ಲ," ಎಂದು ಸರ್ ಹಿಂದಿಯಲ್ಲಿ ಅವನಿಗೂ, ಕನ್ನಡದಲ್ಲಿ ಅಲ್ಲಿ ಸೇರಿದವರಿಗೂ ಹೇಳಿದರು. ಸೂಕ್ಷ್ಮಜೀವಿಗಳ ಪರೀಕ್ಷೆ ಮೀಟರಿನಂತೆ ನಿಂತಲ್ಲೇ ಆಗುವುದಲ್ಲ. ಬೆಚ್ಚಗೆ ಇಟ್ಟು ಅವು ಬೆಳೆಯುವ ತನಕ ಕಾಯಬೇಕು. ಅಷ್ಟು ಕಾಯುವ ಹೊತ್ತಿನಲ್ಲಿ ಜನ ಆ ನೀರು ಕುಡಿಯುತ್ತಿರುತ್ತಾರೆ.

ನಾನು ಶೆಡ್ಡುಗಳ ಕಡೆ ಹೋದೆ. ಮುದುಕನ ಸೊಸೆ ಒಲೆಯ ಮುಂದಿದ್ದಳು. ಮಾತು ಕೇಳಿದ ಕೂಡಲೇ ಅವಳಿಗೆ ಅರ್ಥವಾಯಿತು. "ಹಂಗಾರ ಕುದಿಸಿ ಕುಡೀಬಹುದೇನ್ರಿ ಅಕ್ಕಾರ?"

"ಟ್ಯಾಂಕರ್ ಬರೋತನಕ ಹಂಗಾದ್ರೂ ಮಾಡು ತಂಗಿ. ಬುಡುಬುಡು ಕುದಿಬೇಕು. ಉಗುರು ಬೆಚ್ಚಗಾದ್ರ ಸಾಲಂಗಿಲ್ಲ. ಬಾಜೂದವ್ರಿಗೂ ಹೇಳು."

ಅವಳು ಸೆಂಟ್ರಿಂಗಿನ ಮುರುಕು ಹಲಗೆ ತಂದು ಒಲೆಗೆ ಒಟ್ಟಿ ದೊಡ್ಡ ಬೋಗುಣಿ ಏರಿಸಿದಳು. ಮುದುಕ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನಿಗೆ ಸಿಟ್ಟು ಬಂದಿತ್ತು. ನನ್ನ ಮೇಲೆ ಅವನು ಸಿಟ್ಟಾದದ್ದನ್ನು ನಾನು ಅದೊಂದೇ ಸಲ ಕಂಡದ್ದು.

"ಕಾಸಿದ ನೀರು ಸಪ್ಪಗ ಆಕ್ಕಾವು. ನನಗ ಬ್ಯಾಡ."

"ಕಾಕಾ, ಎರಡು ದಿನ. ವರದಿ ಬರ್ಲಿ."

"ಯವ್ವಾ, ನನಗ ಎಪ್ಪತ್ತಾತು. ಒಂದ್ ದಿನಾ ಹೊಟ್ಟಿತುಂಬ ಸಿಹಿನೀರು ಕುಡದಿಲ್ಲ. ಈ ಹಲ್ಲು ನೋಡು, ಈ ಕಾಲು ನೋಡು. ನಮ್ಮವ್ವನ ಕಾಲೂ ಹಿಂಗಾ ಇದ್ದು. ಈಗ ದೇವರು ಒಂದ್ ಚರಿಗಿ ಕೊಟ್ಟಾನ, ನೀ ಅದನ್ನ ಕಸಗೊಳ್ಳಾಕ ಬಂದೀಯೇನು?"

ಅವನು ಎಲ್ಲರೆದುರೇ ಸಂಪಿನ ನೀರನ್ನು ತಂಬಿಗೆಯಲ್ಲಿ ಎತ್ತಿ, ತುಟಿಗೆ ತಾಗಿಸದೆ, ಗಟಗಟ ಕುಡಿದ. ಗಂಟಲು ಏರಿ ಇಳಿಯುವುದನ್ನು ನಾನು ನೋಡುತ್ತ ನಿಂತೆ. ಕೆಲವರು ನನ್ನ ಮುಖ ನೋಡಿದರು, ಕೆಲವರು ಅವನ ಮುಖ ನೋಡಿದರು. ಬಹಳ ಮಂದಿ ಅವನನ್ನೇ ನಂಬಿದರು ಎಂದು ನನಗೆ ಕಾಣುತ್ತದೆ. ಬಾಯಿಗೆ ರುಚಿಯಾಗಿರುವುದನ್ನು ಕೆಟ್ಟದ್ದು ಎಂದರೆ ಯಾರು ನಂಬಬೇಕು?

ಮರುದಿನ ಬೇರೆ ಕಡೆ ಕೆಲಸವಿತ್ತು. ಕೈ ಕೆಲಸ ಮಾಡುತ್ತಿದ್ದರೂ ಕಿವಿ ಫೋನಿನ ಮೇಲೆಯೇ. ಸೊಸೆಗೆ ನನ್ನ ನಂಬರ್ ಕೊಟ್ಟು ಬಂದಿದ್ದೆ. ಅವಳು ಫೋನ್ ಮಾಡಲಿಲ್ಲ. ಅದರ ಮರುದಿನ ಬೆಳಿಗ್ಗೆ ನಾನು ಬಸ್ಸಿನಲ್ಲಿರುವಾಗ ಮಾಡಿದಳು. ಮೊದಲು ಬರೀ ಗದ್ದಲ ಕೇಳಿಸಿತು.

"ಅಕ್ಕಾರ, ಮಾವಗ ಭಾಳ ಆಗೈತ್ರಿ. ವಾಂತಿ ನಿಲ್ಲವಲ್ತು. ಅತ್ತಾಗ ಇತ್ತಾಗ ನಾಕು ಮನ್ಯಾಗ ಹಿಂಗಾ."

"ನಿಂಗ, ನಿನ್ನ ಗಂಡಗ?"

"ನಾವು ಕುದಿಸಿದ್ದು ಕುಡದೀವ್ರಿ. ಮಾವ ಒಪ್ಪಲಿಲ್ಲ."

ವರದಿ ಬಂದದ್ದು ಅವತ್ತೇ ಮಧ್ಯಾಹ್ನ. ಅದರಲ್ಲಿ ಏನಿತ್ತು ಎಂದು ಓದುವ ಮೊದಲೇ ನನಗೆ ಗೊತ್ತಿತ್ತು. ಮಲದಲ್ಲಿರುವ ಜೀವಿಗಳು ಆ ನೀರಿನಲ್ಲಿ ಎಣಿಸಲಾರದಷ್ಟು ಇದ್ದವು.

ಸಂಜೆ ಸರಕಾರಿ ಆಸ್ಪತ್ರೆಗೆ ಹೋದೆ. ಒಂದೇ ಮಂಚದಲ್ಲಿ ಇಬ್ಬರಿಗೆ ಸಲೈನ್ ಹಚ್ಚಿದ್ದರು. ಮುದುಕನನ್ನು ಮೊದಲು ಗುರುತು ಹಿಡಿಯಲಾಗಲಿಲ್ಲ. ಎರಡೇ ದಿನದಲ್ಲಿ ಕಣ್ಣು ಗುಳಿಬಿದ್ದು, ಕೆನ್ನೆ ಒಳಗೆ ಸೇರಿ, ಕೈಯ ಚರ್ಮ ಹಿಡಿದು ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಸೊಸೆ ಒದ್ದೆ ಬಟ್ಟೆಯಿಂದ ಅವನ ತುಟಿ ಒರೆಸುತ್ತಿದ್ದಳು. ನನ್ನನ್ನು ಕಂಡು ಅವನು ಏನೋ ಅಂದ. ಬಾಗಿ ಕೇಳಿದೆ.

"ನಿನ್ನ ಮಶೀನು ಛಲೋ ಐತಿ ಅಂದಿತ್ತಲ್ಲವ್ವಾ."

"ಛಲೋ ಅಂದಿರಲಿಲ್ಲ ಕಾಕಾ. ಕಮ್ಮಿ ಅಂತಷ್ಟ ಅಂದಿತ್ತು."

ಅವನು ಮೇಲೆ ತಿರುಗುವ ಫ್ಯಾನನ್ನು ನೋಡಿದ. "ರುಚಿ ಮಾತ್ರ ಭಾಳ ಛಲೋ ಇತ್ತು," ಎಂದು ಕಣ್ಣು ಮುಚ್ಚಿದ.

ಸಂಪನ್ನು ಬರಿದು ಮಾಡಿಸಿದ ದಿನ ನಾನೂ ಸರ್ ಇಬ್ಬರೂ ಇದ್ದೆವು. ನೀರೆಲ್ಲ ಹೊರಗೆ ಹಾಕಿ ಒಬ್ಬ ಕೆಲಸಗಾರ ಟಾರ್ಚ್ ಹಿಡಿದು ಒಳಗಿಳಿದ. ಗೋಡೆಯ ಕಡೆಯ ಮೂಲೆಯಲ್ಲಿ ಕೂದಲೆಳೆಯಂಥ ಒಂದು ಬಿರುಕು. ಪಾಯ ಅಗೆಯುವಾಗ ದೊಡ್ಡ ಯಂತ್ರಗಳ ಅದುರಿಗೆ ಬಿಟ್ಟಿದ್ದಿರಬೇಕು. ಅದರಿಂದ ನೀರು ಚಿಮ್ಮುತ್ತಿರಲಿಲ್ಲ, ಸುರಿಯುತ್ತಲೂ ಇರಲಿಲ್ಲ. ಮನುಷ್ಯನ ಹಣೆ ಬೆವರುವ ಹಾಗೆ ಗೋಡೆ ಉದ್ದಕ್ಕೂ ಬೆವರುತ್ತಿತ್ತು. ನಾವು ನೋಡುತ್ತ ನಿಂತಿದ್ದಾಗಲೇ ತಳದಲ್ಲಿ ಪಾದ ಮುಳುಗುವಷ್ಟು ನಿಂತಿತು. ಗೋಡೆಯ ಆಚೆ ಏನಿದೆ ಎಂದು ವಿಚಾರಿಸಿದಾಗ ಗೊತ್ತಾಯಿತು: ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಬಚ್ಚಲು ಪಾಯಖಾನೆಗಳ ನೀರನ್ನು ಸೋಸಿ ಗಿಡಗಳಿಗೆಂದು ತುಂಬಿಡುವ ದೊಡ್ಡ ಟ್ಯಾಂಕು. ಮನೆಗಳಿಗೆ ಬರುವ ನಲ್ಲಿಯ ನೀರು ಸಿಹಿ, ಹಾಗಾಗಿ ಬಳಸಿ ಬಿಟ್ಟ ನೀರೂ ಸೈಟಿನ ಬೋರ್‌ವೆಲ್ಲಿಗಿಂತ ಸಿಹಿಯೇ. ಸೋಸಿದ್ದರಿಂದ ತಿಳಿಯಾಗಿತ್ತು.

ಸೂಪರ್‌ವೈಸರ್ ಈಗ ಬಿಳಿಚಿಕೊಂಡಿದ್ದ. ಒಳಗಿನಿಂದ ಸಿಮೆಂಟ್ ಬಳಿಸಿದ, ಶೆಡ್ಡುಗಳ ಹತ್ತಿರ ಎರಡು ಪ್ಲಾಸ್ಟಿಕ್ ಟ್ಯಾಂಕು ನಿಲ್ಲಿಸಿದ, ಕುಡಿಯುವ ನೀರಿನ ಟ್ಯಾಂಕರ್ ಈಗ ದಿನಾ ಬರತೊಡಗಿತು. ಕಾಯಿಲೆ ಬಿದ್ದವರು ಒಬ್ಬೊಬ್ಬರಾಗಿ ಎದ್ದರು.

ಮುದುಕ ಪೂರಾ ಏಳಲಿಲ್ಲ. ಆಸ್ಪತ್ರೆಯಿಂದ ಬಿಟ್ಟ ಮೇಲೂ ಕಾಲಿನಲ್ಲಿ ಬಲವಿರಲಿಲ್ಲ, ಮೂತ್ರಪಿಂಡಕ್ಕೆ ಪೆಟ್ಟಾಗಿದೆ ಎಂದಿದ್ದರಂತೆ. ಮಗ ಸೊಸೆ ಇಬ್ಬರೂ ಕೆಲಸ ಬಿಟ್ಟು ಅವನನ್ನು ಊರಿಗೆ ಕರೆದುಕೊಂಡು ಹೊರಟರು. ಕಾಚಿಗೂಡ ಸ್ಟೇಷನ್ ನಮ್ಮ ಮನೆಗೆ ಹತ್ತಿರ, ಹೋಗಿ ಬಂದೆ. ಬುತ್ತಿ ಕಟ್ಟಿಕೊಟ್ಟೆ. ಅವನು ಗೋಡೆಗೆ ಒರಗಿ ಚೀಲದ ಮೇಲೆ ಕೂತಿದ್ದ. ನನ್ನ ತಲೆಯ ಮೇಲೆ ಕೈಯಿಟ್ಟ, ಕೈಯಲ್ಲಿ ಭಾರವೇ ಇರಲಿಲ್ಲ. ಸೊಸೆ ಬೋಗಿ ಹತ್ತುವ ಮುನ್ನ ನನ್ನ ಕೈ ಹಿಡಿದು, "ಊರಾಗಿನ ಬೋರಿಂಗ್ ನೀರು ಒಮ್ಮಿ ನೋಡ್ತೀರೇನ್ರಿ ಅಕ್ಕಾರ?" ಎಂದು ಕೇಳಿದಳು. ನೋಡುತ್ತೇನೆ ಎಂದೆ. ಅವರ ಊರಿಗೆ ನಾನು ಹೋಗುವ ಮೊದಲೇ ಅವನು ತೀರಿಕೊಂಡ ಸುದ್ದಿ ಬಂತು.

ಆದರೆ ಅದಕ್ಕೂ ಮುಂಚೆ, ಅವರು ರೈಲು ಹತ್ತಿದ ವಾರದಲ್ಲೇ, ನಾನೂ ಸರ್ ಕೂಡಿ ಆ ಅಪಾರ್ಟ್‌ಮೆಂಟಿಗೆ ಹೋಗಿದ್ದೆವು. ಸಂಪಿನ ಕಡೆ ಬಿರುಕು ಮುಚ್ಚಿದರೆ ನೀರು ಸುಮ್ಮನೆ ನಿಲ್ಲುವುದಿಲ್ಲ, ಬೇರೆ ದಾರಿ ಹುಡುಕುತ್ತದೆ ಎಂದು ಸರ್‌ಗೆ ಚಿಂತೆ. ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಸೌಜನ್ಯದ ಮನುಷ್ಯ. ಕೂರಿಸಿ ಚಹಾ ಕೊಟ್ಟರು. ಸರ್ ಎಲ್ಲ ಹೇಳಿದರು. ಅವರ ಕುಡಿಯುವ ನೀರಿನ ಸಂಪು ಎಲ್ಲಿದೆ ಎಂದು ಕೇಳಿದರು. ಆ ಟ್ಯಾಂಕಿನ ಬಾಜೂಕ್ಕೇ, ನಡುವೆ ಒಂದೇ ಗೋಡೆ ಎಂದರು ಕಾರ್ಯದರ್ಶಿ.

"ನಮ್ಮ ನೀರಿನ ಬಗ್ಗೆ ನಿಮಗೆ ಚಿಂತೆ ಬೇಡ," ಎಂದು ಅವರು ಹಿಂದಿಯಲ್ಲಿ ಹೇಳಿ ನಕ್ಕರು. ಜೇಬಿನಿಂದ ಪೆನ್ನಿನಂಥ ಸಣ್ಣ ಮೀಟರ್ ತೆಗೆದರು. ಅದರ ತುದಿಯ ಲೋಹದ ಮೇಲೆ ಬಿಳಿ ಪೊರೆ ಕಟ್ಟಿತ್ತು. ಯಾರೂ ಎಂದೂ ತೊಳೆದಂತಿರಲಿಲ್ಲ. ಮೇಜಿನ ಮೇಲಿದ್ದ ಗ್ಲಾಸಿನಲ್ಲಿ ಅದ್ದಿ, ಅಂಕಿ ನಿಲ್ಲುವ ಮುಂಚೆಯೇ ತೆಗೆದು ನಮ್ಮ ಮುಂದೆ ಹಿಡಿದರು. "ನೋಡಿ. ನಮ್ಮ ಕುಡಿಯುವ ಸಂಪಿನಲ್ಲಿ ಬೋರ್ ನೀರೂ ಬೆರೆಯುತ್ತೆ, ಆದರೂ ಅಂಕಿ ತಿಂಗಳಿಂದ ಇಳಿಯುತ್ತಲೇ ಇದೆ. ಈ ಓಣಿಯಲ್ಲಿ ನಮ್ಮಷ್ಟು ಒಳ್ಳೆ ನೀರು ಯಾರ ಮನೆಯಲ್ಲೂ ಇಲ್ಲ."

ನಾನು ಸರ್ ಮುಖ ನೋಡಿದೆ. ಅವರು ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು. ಈಗಲೇ ಒಂದು ಬಾಟಲಿ ತುಂಬಿಕೊಂಡು ಹೋಗುತ್ತೇವೆ, ನಮಗೇನೂ ಕೊಡುವುದು ಬೇಡ, ಎಂದರು. ಸಮಿತಿಯ ಒಪ್ಪಿಗೆ ಇಲ್ಲದೆ ಆಗುವುದಿಲ್ಲ ಎಂದರು ಕಾರ್ಯದರ್ಶಿ. ಜನರಿಗೆ ಸುಮ್ಮನೆ ಗಾಬರಿ ಹುಟ್ಟಿಸುವುದು ಬೇಡ, ನಾವೇ ಕರೆಯುತ್ತೇವೆ. ಲಿಫ್ಟಿನ ತನಕ ಬಂದು ಕಳಿಸಿಕೊಟ್ಟರು. ಕೆಳಗೆ ಈಜುಕೊಳದ ಹತ್ತಿರ ಹುಟ್ಟುಹಬ್ಬವೊಂದು ನಡೆದಿತ್ತು. ಮೇಜಿನ ಮೇಲೆ ಗಾಜಿನ ಜಗ್ಗುಗಳಲ್ಲಿ ನಿಂಬೆ ಶರಬತ್ತು ಸಾಲಾಗಿ ಇಟ್ಟಿದ್ದರು. ಸರ್ ಆ ಕಡೆ ಒಂದು ಹೆಜ್ಜೆ ಹಾಕಿದರು, ಕಾವಲಿನವನು ಅಡ್ಡ ಬಂದು ಗೇಟಿನ ದಾರಿ ತೋರಿಸಿದ.

ಸರ್ ಆ ವಾರ ಅವರಿಗೆ ಎರಡು ಸಲ ಫೋನ್ ಮಾಡಿದರು. ಮೀಟಿಂಗಿನಲ್ಲಿದ್ದೇನೆ ಎಂಬ ಉತ್ತರ ಬಂತು.

ಮಳೆ ಶುರುವಾದ ಮೇಲೆ ಒಂದು ದಿನ ಬೆಳಿಗ್ಗೆ ಆಫೀಸಿನ ಫೋನ್ ಹೊಡೆದುಕೊಂಡಿತು, ನಾನೇ ಎತ್ತಿದೆ. ಕಾರ್ಯದರ್ಶಿಯೇ. ಆವತ್ತಿನ ನಗು ಆ ದನಿಯಲ್ಲಿ ಇರಲಿಲ್ಲ. ಬಾಟಲಿ ತೆಗೆದುಕೊಂಡು ಎಷ್ಟು ಬೇಗ ಬರಬಹುದು, ವರದಿ ಎಷ್ಟು ಬೇಗ ಸಿಗುತ್ತದೆ ಎಂದು ಕೇಳಿದರು. ಅವರ ಹಿಂದೆ ಯಾವುದೋ ಒಂದು ಸಣ್ಣ ಮಗು ವಾಂತಿ ಮಾಡಿಕೊಳ್ಳುವ ಸದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು.